ನಾನೂರ ಏಳನೆಯ ವರದಿಯ ಓದುಗ

ಬಾಗಿಲ ಮೇಲೆ ಮೂರು ಬಡಿತ. ಗಡಿಯಾರದಲ್ಲಿ ಎರಡು ಗಂಟೆ ಇಪ್ಪತ್ತು ನಿಮಿಷ. ಅವಳು ಯಾರೆಂದು ಕೇಳಲಿಲ್ಲ. ಮುಡಿ ಸುತ್ತಿಕೊಂಡು ಚಪ್ಪಲಿ ಹುಡುಕಿದಳು.

"ನಿಂತ್ಹೋಯ್ತು ಮೇಡಂ," ಎಂದಿತು ಕಂಪನಿ ಗೇಟಿನ ಮೀಸೆ ಅಣ್ಣನ ದನಿ. ಅವನ ಟಾರ್ಚು ಆಗಲೇ ಮೆಟ್ಟಿಲಿಳಿದಿತ್ತು.

ಒಳಕೋಣೆಯಿಂದ ಅತ್ತೆ ಗೊಣಗಿದರು: "ಹೋಗಮ್ಮ, ಹೋಗು. ಹೆತ್ತ ಮಗು ಅತ್ತಾಗಲೂ ನೀನು ಇಷ್ಟು ಬೇಗ ಎದ್ದವಳಲ್ಲ."

"ಬೆಳಿಗ್ಗೆ ಒಂದು ಸಹಿ ಬಿದ್ರೆ ಇದೇ ಕೊನೆ ಅತ್ತೆ."

"ಹನ್ನೊಂದು ತಿಂಗಳಿಂದ ಇದೇ ಕೊನೆ!"

ಅದೂ ಸುಳ್ಳಲ್ಲ. ರಸ್ತೆಯ ಆಚೆ ಬದಿಯ ಗೋದಾಮು ಕಂಪನಿಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ವರದಿಯಮ್ಮ ಎಂದು. ಕಂಪನಿಯ ಲೆಕ್ಕ, ಸರಕು, ಸಾಗಾಟಗಳನ್ನೆಲ್ಲ ಅರೆದು ರಾತ್ರೋರಾತ್ರಿ ಸಾವಿರದ ನೂರ ನಲವತ್ತು ವರದಿಗಳನ್ನು ಹೆರುವ ಮುದಿ ತಂತ್ರಾಂಶಕ್ಕೆ ಅವಳೊಬ್ಬಳೇ ಸೂಲಗಿತ್ತಿ. ಅದು ನಿಂತಾಗಲೆಲ್ಲ ಕೈಹಿಡಿದು ಎಬ್ಬಿಸಬೇಕು. ಹೊಸ ತಂತ್ರಾಂಶ ಬಂದರೆ ಅದು ತನ್ನಷ್ಟಕ್ಕೆ ತಾನೇ ಏಳುತ್ತದೆ, ಅವಳು ಮಲಗಬಹುದು. ಅವಳಿಗೆ ಬೇಕಿದ್ದುದು ಅಷ್ಟೇ, ಒಂದು ಇಡೀ ರಾತ್ರಿಯ ನಿದ್ದೆ.

ಆದರೆ ಯೋಜನಾ ಸಮಿತಿ ಒಂದು ನಿಯಮ ಮಾಡಿತ್ತು: ಹೊಸದಕ್ಕೆ ಸಾಗಿಸುವ ಮುನ್ನ ಪ್ರತಿ ವರದಿಗೂ ಒಬ್ಬ ಒಡೆಯ ಮುಂದೆ ಬಂದು ಸಹಿ ಹಾಕಬೇಕು. ವಿಭಾಗದ ಮುಖ್ಯಸ್ಥರು ಜಾತ್ರೆಗೆ ಬಂದವರಂತೆ ಮುಗಿಬಿದ್ದರು. "ಇದಿಲ್ಲದೆ ನನಗೆ ಉಸಿರೇ ಆಡಲ್ಲ," ಎಂದು ಖರೀದಿ ಮುಖ್ಯಸ್ಥರು ಸಹಿ ಹಾಕಿದ ಅರವತ್ತು ವರದಿಗಳನ್ನು ಎರಡು ವರ್ಷಗಳಿಂದ ಯಾರೂ ತೆರೆದೇ ಇರಲಿಲ್ಲ. ಅವರು ಉಸಿರಾಡುತ್ತಲೇ ಇದ್ದರು.

ಉಳಿದದ್ದು ನಾನೂರ ಏಳನೆಯದೊಂದೇ. ಒಂಬತ್ತು ವರ್ಷಗಳ ಹಿಂದೆ ಯಾರೋ ಪ್ರಯೋಗಕ್ಕೆಂದು ಮಾಡಿ ಮರೆತದ್ದು. ದಾಖಲೆಯ ಪ್ರಕಾರ ಪ್ರತಿ ರಾತ್ರಿ ಎರಡೂ ಹತ್ತಕ್ಕೆ, ‘ಅತಿಥಿ’ ಎಂಬ ಸಾರ್ವಜನಿಕ ಹೆಸರಿನಲ್ಲಿ, ಯಾರೋ ಅದನ್ನು ತಪ್ಪದೆ ತೆರೆಯುತ್ತಿದ್ದರು. ಓದುವವರಿಲ್ಲದ ವರದಿಗಳಿಗೆಲ್ಲ ಒಡೆಯರಿದ್ದರು. ಓದುಗನಿದ್ದ ಒಂದೇ ಒಂದಕ್ಕೆ ಒಡೆಯನಿರಲಿಲ್ಲ.

"ಬೇಹುಗಾರ ಕಣ್ರೀ!" ಎಂದಿದ್ದರು ಸಮಿತಿಯ ಅಧ್ಯಕ್ಷರು. ಮಾತಿಗೊಮ್ಮೆ ‘ಪ್ರಗತಿ’ ಎನ್ನುತ್ತಿದ್ದುದರಿಂದ ಅವರು ಪ್ರಗತಿ ಸಾಹೇಬರು.

"ಒಂದು ವಾರ ನಿಲ್ಲಿಸಿ ನೋಡೋಣ ಸರ್. ಕೂಗಿಕೊಂಡವನೇ ಕಳ್ಳ."

"ದೊಡ್ಡವರೇ ಓದ್ತಿದ್ರೆ? ನಿಮ್ಮದು ನಿದ್ದೆ ಹೋಗುತ್ತೆ, ನನ್ನದು ಕುರ್ಚಿ! ಸೋಮವಾರ ಹತ್ತು ಗಂಟೆಗೆ ಸಹಿ ಬೇಕು. ಇಲ್ಲದಿದ್ರೆ ಯೋಜನೆ ಮುಂದಿನ ವರ್ಷಕ್ಕೆ."

ಆ ಸೋಮವಾರ ಹುಟ್ಟಿ ಎರಡು ಗಂಟೆ ಇಪ್ಪತ್ತು ನಿಮಿಷವಾಗಿತ್ತು. ಖಾಲಿ ಚೌಕವಿದ್ದ ಹಾಳೆಯನ್ನು ಕಂಕುಳಿಗೆ ಸೇರಿಸಿ ಅವಳು ಹೊಸ್ತಿಲು ದಾಟಿದಳು.

"ಅಲ್ಲ ಕಣೇ," ಅತ್ತೆ ಆಕಳಿಸುತ್ತ ಕೂಗಿದರು, "ನಿಮ್ಮ ಸಾಹೇಬರೆಲ್ಲ ಗೊರಕೆ ಹೊಡೀತಿರ್ತಾರೆ. ಆ ಪೆಟ್ಟಿಗೆ ಒಳಗೊಳಗೇ ನಿಂತದ್ದು ಹೊರಗಿನವರಿಗೆ ಗೊತ್ತಾಗೋದಾದರೂ ಹೇಗೆ?"

ವರದಿಯಮ್ಮನ ಕಾಲು ನಿಂತಲ್ಲೇ ನಿಂತಿತು. ಮರುಕ್ಷಣ ಅವಳು ಓಡಿದಳು. ಒಂದು ಚಪ್ಪಲಿ ರಸ್ತೆಯ ನಡುವೆಯೇ ಉಳಿಯಿತು.

ಗೇಟಿನ ಪುಟ್ಟ ಕೋಣೆಯಲ್ಲಿ ಹಳೆಯ ಕಂಪ್ಯೂಟರಿನ ಪರದೆ ಬೆಳಗುತ್ತಿತ್ತು: ‘ವರದಿ 407 ಇನ್ನೂ ಸಿದ್ಧವಾಗಿಲ್ಲ.’ ಎದುರು ಕುಳಿತವನು ಅವಳನ್ನು ಕಂಡು ಎದ್ದುನಿಂತ.

"ತಪ್ಪಾಯ್ತಾ ಮೇಡಂ? ಐದು ಗಂಟೆಗೆ ಲಾರಿಗಳು ಬರ್ತವೆ. ಯಾವ ಲಾರಿಗೆ ಯಾವ ಗೇಟು ಅಂತ ಇದರಲ್ಲೇ ಇರುತ್ತೆ. ಇದು ಬರದಿದ್ರೆ ನಿಮ್ಮನ್ನಲ್ಲದೆ ಇನ್ಯಾರನ್ನ ಎಬ್ಬಿಸಲಿ?"

ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ. ಅವಳು ನಗಲಾರದೆ, ಅಳಲಾರದೆ, ಹಾಳೆಯನ್ನು ಮೇಜಿನ ಮೇಲೆ ಹರಡಿ ಬರೆದಳು:

‘ವರದಿ ನಾನೂರ ಏಳು. ಒಡೆಯ: ಮೀಸೆ ಅಣ್ಣ, ರಾತ್ರಿ ಪಾಳಿಯ ಕಾವಲುಗಾರ.’