ದೊರೆಯ ಕಿವಿ ಪರೀಕ್ಷೆ

ಟಿಣ್.

ನಡುರಾತ್ರಿಯ ಆ ಸಣ್ಣ ಸದ್ದಿಗೆ ಸೊಸೆ ದಡಕ್ಕನೆ ಎದ್ದು ಕೂತಳು. ಮನೆಯಲ್ಲಿ ಸೂಜಿ ಬಿದ್ದರೂ ಎಚ್ಚರವಾಗುವವಳು ಅವಳೊಬ್ಬಳೇ. ಚಿಲಕ ಹಾಕಿದೆನೇ, ಗ್ಯಾಸ್ ಆರಿಸಿದೆನೇ ಎಂದು ದಿನಕ್ಕೆ ಹತ್ತು ಸಲ ನೋಡುವ ಜೀವ. ಮತ್ತೆ, ಟಿಣ್. ಮುಂದಿನ ಕೋಣೆಯಿಂದ, ಅಂದರೆ ಮಾವನ ಗಡಿಯಾರ ರಿಪೇರಿ ಅಂಗಡಿಯಿಂದ. ಪಕ್ಕದಲ್ಲಿ ಗಂಡ ಗೊರಕೆ ಹೊಡೆಯುತ್ತಿದ್ದ.

ಊಟದ ಹೊತ್ತಿಗೆ ಅವನೇ ತೀರ್ಪು ಕೊಟ್ಟಿದ್ದ. "ಅಪ್ಪ, ನಿಮಗಂತೂ ಕಿವಿ ಕೇಳಲ್ಲ. ಇಷ್ಟು ದಿನ ದೊರೆ ಹೇಳ್ತಿದ್ದ, ಈಗ ಅವನದೂ ಡೌಟು. ನೀವು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸ್ಕೊಂಡು ತಲೆ ಬಗ್ಗಿಸಿದ್ರೆ ಯಾರು ಏನು ಎತ್ಕೊಂಡು ಹೋದ್ರೂ ಗೊತ್ತಾಗಲ್ಲ. ಬೆಳಿಗ್ಗೆ ನಾನೇ ಬಾಗಿಲ ಗಂಟೆ ಹೊಡೀತೀನಿ. ದೊರೆ ಬೊಗಳಿದ್ರೆ ಸರಿ, ಇಲ್ಲಾಂದ್ರೆ ಅಂಗಡಿ ಬಂದ್."

ದೊರೆ ಎಂದರೆ ಹದಿನಾಲ್ಕು ವರ್ಷದ ನಾಯಿ. ಗಿರಾಕಿಗಳ ಬಾಯಲ್ಲಿ 'ಚಿಕ್ಕ ಯಜಮಾನ್ರು'. ಪ್ರಾಯದಲ್ಲಿ ಹೆಡ್‌ಮಾಸ್ಟರರೊಬ್ಬರ ವಾಚಿನ ಚರ್ಮದ ಪಟ್ಟಿ ನುಂಗಿ, ಮಾವನಿಂದ ಒಂದು ವಾರ "ಪಾಲಿಶ್ ಆಗ್ತಾ ಇದೆ ಸಾರ್" ಎಂದು ಸುಳ್ಳು ಹೇಳಿಸಿದ ಪುಣ್ಯಾತ್ಮ. ಈಗ ಹಲ್ಲು ಮೂರೋ ನಾಲ್ಕೋ. ಬಾಯಿ ತೆರೆದರೆ ಕಿಟಕಿಯನ್ನೂ ತೆರೆಯಬೇಕು. ಆದರೂ ಡ್ಯೂಟಿ ತಪ್ಪಿಸಿದವನಲ್ಲ. ಮಾವನ ಎಡಪಾದದ ಮೇಲೆ ಗದ್ದ ಊರಿ ಮಲಗುತ್ತಿದ್ದ. ಗಂಟೆಯಾದರೆ ಗುರ್ ಎಂದು, ಆಮೇಲೆ ಬೊಗಳುತ್ತಿದ್ದ. ಐದಾರು ವರ್ಷದಿಂದ ಮಾವ ಕೇಳಿಸಿಕೊಳ್ಳುತ್ತಿದ್ದದ್ದು ಆ ಪಾದದಿಂದಲೇ.

ಅವಳು ಹೋಗಿ ನೋಡಿದರೆ, ಮಾವ ಬಾಗಿಲ ಗಂಟೆ ಬಿಚ್ಚಿ ತಂದು ದೊರೆಯ ಕಿವಿಯ ಪಕ್ಕ ಅಲ್ಲಾಡಿಸುತ್ತಿದ್ದರು.

"ಏನಪ್ಪಾ ದೊರೆ, ಕೇಳಿಸ್ತಾ?"

ದೊರೆ ಉದ್ದಕ್ಕೆ ಆಕಳಿಸಿದ.

"ನನಗೂ ಇಲ್ಲ ಕಣೋ. ಒಳ್ಳೆ ಜೋಡಿ!"

ಅವಳು ಮೂರು ಸಲ "ಮಾವಾ" ಎಂದಳು. ನೆರಳು ಬಿದ್ದಾಗಲೇ ಅವರು ತಿರುಗಿದ್ದು.

"ಕಳ್ಳ ಬಂದಿದ್ರೆ ಹೀಗೇನಾ?" ಎಂದು, ಅವರು ತುಟಿ ನೋಡಿ ತಿಳಿಯುವಂತೆ ಬಿಡಿಸಿ ಬಿಡಿಸಿ ಕೇಳಿದಳು.

"ಕಳ್ಳ ನಿನ್ನಷ್ಟು ಮೆಲ್ಲಗೆ ನಡೆಯಲ್ಲಮ್ಮ." ಆಮೇಲೆ ಗಂಟೆ ಒರೆಸುತ್ತಾ, "ನಾನು ಮನೇಲಿ ಕೂತರೂ ಪರವಾಗಿಲ್ಲ. ಇವನು ಕೆಲಸ ಇಲ್ಲದೆ ಒಂದು ತಿಂಗಳು ಬದುಕಲ್ಲ" ಎಂದರು.

"ನೀವು?"

ಅವರು ಸ್ಟೂಲು ಹತ್ತಿ, ಬೆನ್ನು ತಿರುಗಿಸಿ ಗಂಟೆಯನ್ನು ಬಾಗಿಲಿಗೆ ಮತ್ತೆ ಸ್ಕ್ರೂ ಹಾಕಿ ಕೂರಿಸತೊಡಗಿದರು. ಬಿದ್ದರೆ ಏನು ಗತಿ ಎಂದು ಹಿಡಿಯಲು ಧಾವಿಸಿದವಳು ಎಡವಿ, ಮರದ ನೆಲದ ಮೇಲೆ ಧಡ್ ಎಂದು ಹಿಮ್ಮಡಿ ಊರಿದಳು. ಆ ಕ್ಷಣವೇ ದೊರೆ ತಲೆ ಎತ್ತಿ ಗುರ್ ಎಂದ. ಮಾವನಿಗೆ ಅದಾವುದೂ ಗೊತ್ತಾಗಲಿಲ್ಲ. ಅವಳು ಮಾತ್ರ ದೊರೆಯನ್ನೂ ತನ್ನ ಹಿಮ್ಮಡಿಯನ್ನೂ ನೋಡಿದಳು: ಗಂಟೆಗೆ ಆಕಳಿಸಿದವನು ನೆಲ ಅದುರಿದ್ದಕ್ಕೆ ತಲೆ ಎತ್ತಿದ್ದ.

ಬೆಳಿಗ್ಗೆ ಗಂಡ ಜಡ್ಜ್ ಸಾಹೇಬರ ಠೀವಿಯಲ್ಲಿ ಬೀದಿಗೆ ಹೋದ. ಅವಳು ಅಂಗಡಿಗೂ ಒಳಕೋಣೆಗೂ ನಡುವಿನ ಪರದೆಯ ಹಿಂದೆ ನಿಂತಳು. ಟಿಣ್. ಹಿಮ್ಮಡಿಯಿಂದ ನೆಲಕ್ಕೆ ಒಂದು ಗುದ್ದು. ದೊರೆ ಎದ್ದು, ಬಾಗಿಲಿಗೆ ಬೆನ್ನು ಹಾಕಿ, ಪರದೆಯತ್ತ ಮುಖ ಮಾಡಿ ಭೌ ಎಂದ.

"ಅಲ್ಲಿ ಯಾರಿದ್ದಾರೋ? ನಾನು ಇಲ್ಲಿದ್ದೀನಿ!" ಎಂದ ಗಂಡ.

"ನೀನೇನು ಗಿರಾಕಿನಾ, ನಿನ್ನ ನೋಡಿ ಬೊಗಳೋಕೆ?" ಮಾವ ಭೂತಗನ್ನಡಿ ಎತ್ತಿದರು. "ದಂಡಕ್ಕೆ ಒಬ್ಬ ಬಂದಿದ್ದಾನೆ ಅಂತ ಒಳಗಡೆ ಸುದ್ದಿ ಮುಟ್ಟಿಸ್ತಿದ್ದಾನೆ. ಕಿವಿ ಹೇಗಿದೆ ನೋಡು ನನ್ನ ದೊರೇದು!" ಅವರ ಮುಖಕ್ಕೆ ಹತ್ತು ವರ್ಷ ಕಡಿಮೆಯಾದಂತಿತ್ತು. ದೊರೆ ತಾನೇ ಗೆದ್ದವನಂತೆ ಎರಡು ಸುತ್ತು ಸುತ್ತಿ ಪಾದದ ಮೇಲೆ ಬಿದ್ದುಕೊಂಡ.

ಗಂಡ ಸೋತ ಮುಖದಲ್ಲಿ ಒಳಗೆ ಬಂದಾಗ ಅವಳು, ತಾನು ಮನೆಯಲ್ಲೇ ಕೂತು ಪುಸ್ತಕಗಳ ಪ್ರೂಫ್ ತಿದ್ದುವ ಮೇಜನ್ನು ಪರದೆಯ ಪಕ್ಕಕ್ಕೆ ಎಳೆಯುತ್ತಿದ್ದಳು.

"ಇದ್ಯಾಕೆ ಇಲ್ಲಿಗೆ?"

"ಇಲ್ಲಿ ಬೆಳಕು ಚೆನ್ನಾಗಿದೆ."

"ಬೆಳಕಾ? ಇಲ್ಲಿಯಾ?"

ಅವಳು ಕಾಗದದ ಕಟ್ಟು ಜೋಡಿಸತೊಡಗಿದಳು. ದಿನವೆಲ್ಲ ಆ ಬಾಗಿಲಿನ ಮೇಲೆ ಕಿವಿ ಇಟ್ಟಿರಬೇಕು; ಹೇಗೂ ಇಟ್ಟೇ ಇರುತ್ತಿದ್ದಳು. ತಾನು ಫೋನಿನಲ್ಲಿ ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದ ಅಕ್ಕನಿಗೂ ಇದನ್ನು ಹೇಳಬಾರದು, ಮಾವನಿಗಂತೂ ಸುತರಾಂ ಹೇಳಬಾರದು ಎಂದುಕೊಂಡು, ನೋಯುತ್ತಿದ್ದ ಹಿಮ್ಮಡಿಯನ್ನು ಮೇಜಿನ ಕೆಳಗೆ ಮೆಲ್ಲಗೆ ತಿಕ್ಕಿಕೊಂಡಳು.