ಹುಣಿಸೆ ಕೊರಡು

"ಅಕ್ಕಾ, ಭಾವನಿಗೆ ನೀನಾದ್ರೂ ಹೇಳಬಾರ್ದಾ? ಮಾಂಸದಂಗಡಿಗೆ ಕಡಿಯೋ ಕೊರಡು ಮಾಡ್ಕೊಡೋದಾ! ಪುರಸೈವಾಕ್ಕಂ ಪೇಟೆ ಪೂರ್ತಿ ಇದೇ ಪೇಚು, ಇದೇ ಮಾತು." ಹಿತ್ತಿಲ ಬಾಗಿಲಲ್ಲಿ ನಿಂತು ಹರಿದಾಸ ಗೊಣಗಿದ.

ಜಾನಕಮ್ಮ ತಮ್ಮನನ್ನು ದಾಟಿ ಹಿತ್ತಿಲತ್ತ ನೋಡಿದರು. ಗಂಡ ವಿಷ್ಣುತೀರ್ಥರು ಬಗ್ಗಿ ಕೀಸುಳಿ ಆಡಿಸುತ್ತಿದ್ದರು. ಬಿರುಗಾಳಿಗೆ ಉರುಳಿದ ಹುಣಿಸೆಮರದ ಬುಡವನ್ನು ಅವರು ಉದ್ದಕ್ಕೆ ಹಲಗೆಯಾಗಿ ಸೀಳದೆ, ಸೌತೆಕಾಯಿ ಬಿಲ್ಲೆಯಂತೆ ಅಡ್ಡಕ್ಕೆ ಕೊಯ್ದಿದ್ದರು. ಹಾಗೆ ಕೊಯ್ದರೆ ನಾರು ನೆಟ್ಟಗೆ ನಿಲ್ಲುತ್ತದೆ, ಕತ್ತಿಯೇಟಿಗೆ ಸಿಬಿರೇಳುವುದಿಲ್ಲ, ಅಲಗೂ ಮೊಂಡಾಗುವುದಿಲ್ಲ. ಇದನ್ನು ಅವರು ಹೆಂಡತಿಗೆ ಎಲೆಯ ಮುಂದೆ ಕೂತು, ಸಾರನ್ನ ಆರುವವರೆಗೂ ವಿವರಿಸಿದ್ದರು.

"ತರಕಾರಿ ಹೆಚ್ಚೋ ಮಣೆ ಮಾಡಿ ಭಾವ, ಯಾರು ಬೇಡಾಂತಾರೆ?"

"ಅದೂ ಮಾಡ್ತೀನಿ. ಮಾಂಸದಂಗಡಿ ಬಾಬು ಮೊದಲು ಕೇಳಿದ," ಎಂದರು ವಿಷ್ಣುತೀರ್ಥರು, ತಲೆಯೆತ್ತದೆ.

"ಹಾಗಾದ್ರೆ ನಾಡಿದ್ದು ಅಪ್ಪನ ತಿಥಿಗೆ ನಮ್ಮನೆಗೆ ಬರಬೇಡಿ. ಪಂಕ್ತೀಲಿ ಕೂರೋರಿಗೆ ನಾನೇನು ಹೇಳ್ಲಿ?"

ಕೀಸುಳಿ ನಿಂತಿತು. ತಂದೆಯ ತಿಥಿಯನ್ನು ಜಾನಕಮ್ಮ ಒಂದು ವರ್ಷವೂ ತಪ್ಪಿಸಿದವರಲ್ಲ. ಆದರೆ ಎಪ್ಪತ್ತೇಳನೇ ಇಸವಿಯಲ್ಲಿ ರೈಲುಬೋಗಿ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಈ ಮನುಷ್ಯ ವರ್ಷವಿಡೀ ಗೋಡೆ ನೋಡುತ್ತ ಕೂತಿದ್ದರಲ್ಲ! ಎರಡು ತುತ್ತಿಗೇ ಕೈತೊಳೆಯುತ್ತಿದ್ದರು. ಗರಗಸ ಹಿಡಿದ ಮೇಲೆಯೇ ಅವರಿಗೆ ಮತ್ತೆ ಹಸಿವೆಯಾಗತೊಡಗಿದ್ದು.

"ಆ ವರ್ಷ ಎಷ್ಟು ಸಲ ಬಂದು ನೋಡಿದೆ ಹರಿ, ಇವರನ್ನ?"

"ಬ್ಯಾಂಕ್ ಕೆಲಸ ಅಕ್ಕಾ... ಲೀವೇ ಸಿಗ್ತಿರ್ಲಿಲ್ಲ."

"ಸರಿ ಬಿಡು. ಅಪ್ಪನ್ನ ನಾನು ಇಲ್ಲೇ ನೆನೆಸ್ಕೋತೀನಿ."

ಬೀದಿಯಲ್ಲಿ ಗಾಡಿಯ ಗಂಟೆ ಕೇಳಿಸಿತು. ಮಾಂಸದಂಗಡಿಯ ಬಾಬು ಹೊರಗಿನಿಂದಲೇ ಕೂಗಿದ: "ಅಮ್ಮಾ, ಪಿನ್ನಾಡಿ ಸಂದೀಲಿ ಬರ್ಲಾ?"

"ಹಿಂದಿನಿಂದ್ಲೇ ಕಳಿಸು, ಯಾರೂ ನೋಡಲ್ಲ," ಹರಿದಾಸ ಪಿಸುಗುಟ್ಟಿದ.

"ಬೇಡ ಬಾಬು, ಮುಂದಿನ ಬಾಗಿಲಿಂದ ಒಳಗೆ ಬಾ!" ಜಾನಕಮ್ಮನ ದನಿ ಎದುರುಮನೆಗೂ ಕೇಳಿಸುವಂತಿತ್ತು.

ಬಾಬು ಚಪ್ಪಲಿ ಬಿಟ್ಟು, ಅಳುಕುತ್ತಲೇ ಒಳಬಂದ. ಜಾನಕಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ತಾವೂ ಕೈಕೊಟ್ಟರು. ಮೂವರೂ ಸೇರಿ ಕೊರಡನ್ನು ಚಕ್ರದಂತೆ ಎತ್ತಿ ನಿಲ್ಲಿಸಿ, ಅಡುಗೆಮನೆಯ ಮುಂದೆ ಹಾಯ್ದು ನಡುಮನೆಯುದ್ದಕ್ಕೂ ಉರುಳಿಸಿದರು. ಹರಿದಾಸ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟ. ಎದುರುಮನೆಯ ಜಗುಲಿಯಲ್ಲಿ ಪೇಪರು ಓದುತ್ತಿದ್ದವರು ಕನ್ನಡಕ ಸರಿಪಡಿಸಿಕೊಂಡರು.

ಹೊಸಿಲಿಳಿದ ಕೊರಡು ಬೆಳಗಿನ ರಂಗೋಲಿಯ ನಟ್ಟನಡುವೆ ಹಾದು ಗಾಡಿ ಸೇರಿತು. ಅದರ ಕಂದು ತೊಗಟೆಯ ಸುತ್ತ ಬಿಳಿ ಪುಡಿ ಮೆತ್ತಿಕೊಂಡಿತ್ತು.