ಅಕ್ಕನ ಲೆಕ್ಕದಲ್ಲಿ ತಂಗಿಯ ತಪ್ಪು

ತಂಗಿಗೆ ಮೈಯೆಲ್ಲ ಉರಿದುಹೋಯಿತು. ಉರಿಯದೆ ಇನ್ನೇನು! ಲೆಕ್ಕ ತಾಳೆಯಾಗಿತ್ತು, ಅದಕ್ಕೇ.

ದೊಡ್ಡ ಬೆಟ್ಟದ ಪಕ್ಕ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟರೆ ಅದು ನೆಟ್ಟಗೆ ನಿಲ್ಲುವುದಿಲ್ಲ. ಬೆಟ್ಟ ತನ್ನ ಕಡೆಗೆ ಕೂದಲೆಳೆಯಷ್ಟು ಎಳೆದುಕೊಳ್ಳುತ್ತದೆ. ಆ ಓರೆಯನ್ನು ನಕ್ಷತ್ರ ನೋಡಿ ಅಳೆಯುವುದು ತಂಗಿಯ ಕೆಲಸ. ಬೆಟ್ಟ ಹತ್ತದೆ, ಕಂಪ್ಯೂಟರಿನಲ್ಲೇ ಗುರುತ್ವದ ಮಾದರಿ ಕಟ್ಟಿ, ಎಲ್ಲೆಲ್ಲಿ ಎಷ್ಟು ಓರೆ ಅಂತ ಹೇಳುವುದು ಅಕ್ಕನ ಕೆಲಸ. ಆ ಮಾದರಿ ನಂಬಿಕೊಂಡು ಬೆಟ್ಟಕ್ಕೆ ಎರಡೂ ಕಡೆಯಿಂದ ಸುರಂಗ ಕೊರೆಯುವವರಿದ್ದರು. ಮಾದರಿ ತಪ್ಪಿದರೆ ಎರಡು ಕೊರೆತ ಒಳಗೆ ಒಂದರ ಮುಖ ಒಂದು ನೋಡದೆ ಹೋಗುತ್ತವೆ. ಅದಕ್ಕೇ ತನ್ನ ಅಳತೆಯ ಜೊತೆ ಹೋಲಿಸಿ, ಸರಿಯಿದೆ ಅಂತ ತಂಗಿ ಸಹಿ ಹಾಕಬೇಕಿತ್ತು.

ಹೋಲಿಸಿದಳು. ಒಂದು ಜಾಗ ಬಿಟ್ಟು ಎಲ್ಲ ಕಡೆ ಅಚ್ಚುಕಟ್ಟು. ಆ ಒಂದು ಜಾಗದಲ್ಲಿ ಅಳೆಯುವ ಯಂತ್ರದ ಕಾಲು ಹಸಿ ಮಣ್ಣಲ್ಲಿ ಕುಸಿದು ಮೊದಲ ಅಳತೆ ಕೆಟ್ಟಿತ್ತು. ಮತ್ತೆ ಹತ್ತಿ, ಅಳೆದು, ತಿದ್ದಿದ್ದಳು. ಅಕ್ಕನ ಮಾದರಿ ತಿದ್ದಿದ ಅಳತೆಗೆ ಹೊಂದಲಿಲ್ಲ. ಕೆಟ್ಟ ಅಳತೆಗೆ ಹೊಂದಿತು!

ಆ ಕೆಟ್ಟ ಅಳತೆಯನ್ನು ಕಂಡಿದ್ದವಳು ಅಕ್ಕ ಒಬ್ಬಳೇ. ಚಿಕ್ಕಂದಿನಿಂದ ಏನು ಮಾಡಿದರೂ ಮೊದಲು ಅಕ್ಕನಿಗೆ ತೋರಿಸುವ ಚಾಳಿ ತಂಗಿಗೆ. ತಿದ್ದುವ ಮೊದಲೇ, ಬೆಟ್ಟದಿಂದಲೇ ಎಲ್ಲ ಕಳಿಸಿದ್ದಳು. ಅಕ್ಕ ನೋಡಿ ಸುಮ್ಮನಿರದೆ ಮಾದರಿಗೇ ಉಣಿಸಿಬಿಟ್ಟಿದ್ದಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು?

ತಂಗಿ ಅಕ್ಕನ ಕೋಣೆಗೆ ನುಗ್ಗಿದಳು. ಅಕ್ಕ ಎದ್ದು ಬಾಗಿಲು ಹಾಕಿದಳು. ಗಡುವು ಮೈಮೇಲೆ ಬಂದಿತ್ತು, ಒಳಗಿನ ಬಂಡೆಯ ಲೆಕ್ಕ ಬಗೆಹರಿಯಲಿಲ್ಲ, ನಿನ್ನ ಅಳತೆಗಿಂತ ನಂಬುವಂಥದ್ದು ನನಗೇನಿತ್ತು ಎಂದಳು. ಬೆಣ್ಣೆ ಹಚ್ಚುವ ಮಾತು. ಸಹಿ ಹಾಕಿಬಿಡು, ಮನೆ ಮಾತು ಮನೇಲಿರಲಿ ಅಂತಲೂ ಸೇರಿಸಿದಳು.

"ಉತ್ತರ ನನ್ನಿಂದಾನೇ ಕದ್ದು, ನನ್ನ ಹತ್ರಾನೇ ಮಾರ್ಕ್ಸ್ ಕೇಳ್ತೀಯಲ್ಲ ಅಕ್ಕಾ, ನಾಚಿಕೆ ಆಗಲ್ವಾ? ಒಳಗೆ ಕೊರೆಯೋರು ಯಾರನ್ನ ನಂಬಬೇಕು?"

ಸಹಿ ಹಾಕಲಿಲ್ಲ. ತನ್ನ ಅಳತೆಗಳು ಮಾದರಿಯೊಳಗೇ ಸೇರಿಹೋಗಿವೆ, ಇನ್ನು ಅವು ಪರೀಕ್ಷೆಗೆ ಬಾರವು, ಹೊಸ ಜಾಗಗಳಲ್ಲಿ ಮೊದಲಿಂದ ಅಳೆಯಬೇಕು ಅಂತ ಮೇಲಿನವರಿಗೆ ಹೇಳಿದಳು. ವರ್ಷಗಟ್ಟಲೆ ಬೆಟ್ಟ ಹತ್ತಿ ಇಳಿದದ್ದೆಲ್ಲ ನೀರಲ್ಲಿ ಹೋಮ. ಹಲ್ಲು ಕಚ್ಚಿಕೊಂಡೇ ಮತ್ತೆ ಬೆಟ್ಟಕ್ಕೆ ಹೊರಡಲು ಯಂತ್ರ ಕಟ್ಟಿದಳು.

ಕಟ್ಟುವಾಗ ಅಕ್ಕ ಬಂದು ಹಿಂದೆ ನಿಂತಳು. ಅತ್ತು ಕೆಂಪಾದ ಕಣ್ಣು. ಈ ಸಲ ಯಾವ ಕಡೆಯಿಂದ ಹತ್ತುತ್ತೀಯ ಎಂದು ಕೇಳಿದಳು. ತಂಗಿ ಎಲ್ಲಿಗೆ ಹೊರಟರೂ ಅವಳು ಕೇಳುತ್ತಿದ್ದ ಮಾತೇ ಅದು.

"ಅದನ್ನ ನಿನಗೆ ಹೇಳೋ ಹಾಗಿಲ್ಲ ಅಕ್ಕಾ," ಎಂದಳು ತಂಗಿ.